ಮಹಾಬಳೇಶ್ವರದ ನೆತ್ತಿ, ನಮ್ಮ ಹೊಳೆಸಾಲಿನ ಎರಿ

(ಜಮಖಂಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಪರ್ವತ ಶಿಖರವೊಂದರ ಭೂಗೋಳ, ಭೂರಚನೆ ಮತ್ತು ಹವಾಮಾನ ಇಂದಿನ ವಿಷಯ. ನಮ್ಮ ನಾಡಿನಲ್ಲಿ ಎತ್ತರದ ಶಿಖರ ಎಂದರೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಆದರೆ ನಾನು ಆರಿಸಿಕೊಂಡದ್ದು ಅದಕ್ಕಿಂತ ತಗ್ಗಿನ, ಕರ್ನಾಟಕದ ಗಡಿಯಾಚೆಯ, ಸಾತಾರಾ ಜಿಲ್ಲೆಯ ಮಹಾಬಳೇಶ್ವರವನ್ನು. ಜಮಖಂಡಿಯಿಂದ ನೇರ ಗೆರೆ ಎಳೆದರೆ ವಾಯವ್ಯಕ್ಕೆ ಸುಮಾರು 230 ಕಿಲೋಮೀಟರ್ ದೂರ. ನಮ್ಮ ಯಾವ ಮಾಳಿಗೆ ಹತ್ತಿ ನಿಂತರೂ ಅದು ಕಾಣುವುದಿಲ್ಲ. ಆದರೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕು ತಾಲೂಕುಗಳ ನೀರು, ಬೆಳೆ, ಮಣ್ಣು ಮೂರನ್ನೂ ಅಷ್ಟು ದೂರದಿಂದ ಆಳುವ ಬೆಟ್ಟ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಅದನ್ನು ತೋರಿಸಿಕೊಡುವುದೇ ಈ ಮಾತಿನ ಉದ್ದೇಶ.

ಆಗಸ್ಟ್ ಮೊದಲ ವಾರದ ಹೊಳೆಸಾಲನ್ನು ನೆನೆಯಿರಿ. ಮುತ್ತೂರು, ತುಬಚಿ, ಶೂರ್ಪಾಲಿ, ಕಂಕಣವಾಡಿಗಳಲ್ಲಿ ಪಡುವಣ ಗಾಳಿ ಬಿಟ್ಟೂಬಿಡದೆ ಬೀಸುತ್ತಿರುತ್ತದೆ. ಮೋಡಗಳು ತಲೆಯ ಮೇಲೆ ಓಡುತ್ತವೆ, ನಿಲ್ಲುವುದಿಲ್ಲ. ಮಡ್ಡಿಯ ಹೊಲದಲ್ಲಿ ಹೆಸರು, ಸಜ್ಜೆ ಒಂದು ಹದ ಮಳೆಗೆ ಕಾದು ಬಾಡುತ್ತಿರುತ್ತವೆ. ಅದೇ ಹೊತ್ತಿಗೆ ಊರ ಕೆಳಗೆ ಕೃಷ್ಣೆ ಕೆಂಪಗೆ ತಿರುಗಿ, ದಡ ಮೀರಿ, ಕಬ್ಬಿನೊಳಗೆ ನುಗ್ಗಿರುತ್ತದೆ. ಆಗ ಇಲ್ಲಿಯ ಜನ ಆಕಾಶ ನೋಡುವುದಿಲ್ಲ. ಕೊಯ್ನಾ ಜಲಾಶಯದಿಂದ ಎಷ್ಟು ಬಿಟ್ಟಿದ್ದಾರೆ, ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ಬರುತ್ತಿದೆ, ಹಿಪ್ಪರಗಿ ಬ್ಯಾರೇಜಿನಿಂದ ಎಷ್ಟು ಮುಂದೆ ಹೋಗುತ್ತಿದೆ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. 2005ರಲ್ಲಿ ಹೀಗೆ ಆಯಿತು. 2019ರ ಆಗಸ್ಟ್‌ನಲ್ಲಿ ಇನ್ನೂ ದೊಡ್ಡದಾಗಿ ಆಯಿತು. ದನಕರು ಕಟ್ಟಿಕೊಂಡು ಜನ ಶಾಲೆಗಳಲ್ಲಿ, ಗಂಜಿ ಕೇಂದ್ರಗಳಲ್ಲಿ ದಿನ ಕಳೆದರು. ಆ ಮಹಾಪೂರದ ಮಳೆ ಬಿದ್ದದ್ದು ನಮ್ಮ ಮೇಲಲ್ಲ, ಸಹ್ಯಾದ್ರಿಯ ನೆತ್ತಿಯ ಮೇಲೆ. 2009ರದ್ದು ಬೇರೆ ಕಥೆ. ಆ ವರ್ಷ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ಮೂಡಲ ದಿಕ್ಕಿನಿಂದ ಬಂದ ವಾಯುಭಾರ ಕುಸಿತ ಉತ್ತರ ಕರ್ನಾಟಕದ ಮೇಲೆಯೇ ಸುರಿದು ಮನೆಗಳನ್ನು ಕೆಡವಿತು. ಎರಡು ಬಗೆಯ ನೆರೆಗಳ ತಾಯಿಬೇರು ಬೇರೆ ಬೇರೆ. ಇದನ್ನು ಶಾಲೆಯ ಮಕ್ಕಳಿಗೆ ಮೊದಲು ಹೇಳಿಕೊಡಬೇಕು.

ಮಹಾಬಳೇಶ್ವರ ಚೂಪಾದ ಶಿಖರವಲ್ಲ, ಮೇಲ್ಭಾಗ ಅಗಲವಾಗಿ ಚಪ್ಪಟೆಯಾಗಿರುವ ಬೆಟ್ಟ. ಅದರ ಅತಿ ಎತ್ತರದ ಜಾಗ ವಿಲ್ಸನ್ ಪಾಯಿಂಟ್, ಸುಮಾರು 1,438 ಮೀಟರ್. ಹಳೆಯ ಮಹಾಬಳೇಶ್ವರದ ಗುಡಿಯ ಹತ್ತಿರ, ಸುಮಾರು 1,337 ಮೀಟರ್ ಎತ್ತರದಲ್ಲಿ ಕೃಷ್ಣೆ ಹುಟ್ಟುತ್ತಾಳೆ. ಅಲ್ಲಿಯ ಪಂಚಗಂಗಾ ಗುಡಿಯಲ್ಲಿ ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಎಂಬ ಐದು ನದಿಗಳನ್ನು ಪೂಜಿಸುತ್ತಾರೆ. ಇವುಗಳಲ್ಲಿ ಸಾವಿತ್ರಿ ಪಡುವಣಕ್ಕೆ ಧುಮುಕಿ ಕೊಂಕಣ ದಾಟಿ ಅರಬ್ಬೀ ಸಮುದ್ರ ಸೇರುತ್ತದೆ. ಸಮುದ್ರ ಅಲ್ಲಿಂದ 65 ಕಿಲೋಮೀಟರಿನ ಆಸುಪಾಸಿನಲ್ಲಿದೆ. ಅದೇ ನೆತ್ತಿಯಲ್ಲಿ ಹುಟ್ಟಿದ ಕೃಷ್ಣೆ ಮೂಡಲಕ್ಕೆ ತಿರುಗಿ ಸುಮಾರು 1,400 ಕಿಲೋಮೀಟರ್ ಹರಿದು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಬೆಟ್ಟದ ಅಂಚು ಒಂದಷ್ಟು ಹಿಂದೆ ಮುಂದೆ ಇದ್ದಿದ್ದರೆ ಹಿಪ್ಪರಗಿಗೆ ನೀರಿಲ್ಲ, ಆಲಮಟ್ಟಿ ಜಲಾಶಯಕ್ಕೆ ನೀರಿಲ್ಲ.

ಹವಾಮಾನಕ್ಕೆ ಬರೋಣ. ಜೂನ್‌ನಲ್ಲಿ ಸಮುದ್ರದಿಂದ ಬರುವ ತೇವದ ಗಾಳಿ ಸಹ್ಯಾದ್ರಿಯ ಗೋಡೆಗೆ ಬಡಿದು ಮೇಲೇರುತ್ತದೆ. ಏರಿದಂತೆ ತಂಪಾಗುತ್ತದೆ, ತಂಪಾದ ಗಾಳಿ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಸುರಿಯುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಸುಮಾರು 5,500ರಿಂದ 6,000 ಮಿಲಿಮೀಟರ್ ಮಳೆ. ಜುಲೈ ಒಂದೇ ತಿಂಗಳಲ್ಲಿ ಸರಾಸರಿ ಎರಡು ಸಾವಿರದ ಆಸುಪಾಸು. ಅಲ್ಲಿಂದ ಮೂಡಲಕ್ಕೆ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲದ ಪಂಚಗಣಿಗೆ ಬಂದರೆ ಮಳೆ ಎರಡು ಸಾವಿರದ ಒಳಕ್ಕೆ ಇಳಿಯುತ್ತದೆ. ಘಾಟ್ ಇಳಿದು ವಾಯಿ ಊರಿಗೆ ಬಂದರೆ ಏಳುನೂರರ ಆಸುಪಾಸು. ಒಂದು ತಾಸಿನ ಬಸ್ ಪ್ರಯಾಣದಲ್ಲಿ ಇಷ್ಟು ಇಳಿತ ಕಾಣುವ ಜಾಗ ಜಗತ್ತಿನಲ್ಲಿ ಹೆಚ್ಚಿಲ್ಲ. ಗಾಳಿ ಬೆಟ್ಟ ದಾಟಿ ಕೆಳಗಿಳಿಯುವಾಗ ಮತ್ತೆ ಬಿಸಿಯಾಗುತ್ತದೆ, ಉಳಿದ ಮೋಡವೂ ಕರಗುತ್ತದೆ. ಹಾಗೆ ಬರಿದಾದ ಗಾಳಿಯೇ ಮುಂದೆ ಸಾಂಗಲಿ, ಅಥಣಿ ದಾಟಿ ನಮ್ಮಲ್ಲಿಗೆ ಬರುತ್ತದೆ. ಜುಲೈ ತಿಂಗಳಲ್ಲಿ ನಮ್ಮ ಹೊಲಗಳ ಮೇಲೆ ಬೀಸುವ ಆ ಗಾಳಿ ಸಹ್ಯಾದ್ರಿಯ ನೆತ್ತಿಯಲ್ಲಿ ತನ್ನ ನೀರನ್ನು ಕೊಟ್ಟು ಬಂದ ಗಾಳಿ.

ನಮ್ಮಲ್ಲಿ ವರ್ಷಕ್ಕೆ ಐನೂರರಿಂದ ಆರುನೂರು ಮಿಲಿಮೀಟರ್ ಮಳೆ. ಅಲ್ಲಿ ಜುಲೈ ಒಂದರಲ್ಲಿ ಬೀಳುವುದು ಇಲ್ಲಿಯ ಮೂರು ವರ್ಷದ ಮಳೆಗೂ ಮಿಕ್ಕಿದ್ದು. ಇದ್ದಷ್ಟು ಮಳೆಯಲ್ಲೂ ಹೆಚ್ಚಿನ ಪಾಲು ಬರುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ, ಮುಂಗಾರು ಹಿಂದೆ ಸರಿಯುವಾಗ, ಮೂಡಲಿಂದ ತೇವ ಬರುವಾಗ. ಮಿರಗ, ಆರಿದ್ರಾ ಮಳೆಗಳು ಕೈಕೊಟ್ಟರೂ ಉತ್ತರಿ, ಹಸ್ತಗಳನ್ನು ನಂಬಿ ಹಿಂಗಾರಿ ಬಿಳಿಜೋಳ ಬಿತ್ತುವ ನಮ್ಮ ಹಿರಿಯರ ಪದ್ಧತಿ ಈ ಬೆಟ್ಟಸಾಲಿನ ಮಳೆನೆರಳಿಗೆ ಕೊಟ್ಟ ಉತ್ತರ. ರಬಕವಿ-ಬನಹಟ್ಟಿಯ ನೇಕಾರರೂ ಇದೇ ಒಣಹವೆಗೆ ತಮ್ಮದೊಂದು ಉಪಾಯ ಕಂಡುಕೊಂಡಿದ್ದರು. ಹವೆ ಒಣಗಿದರೆ ಹತ್ತಿಯ ಎಳೆ ಪಟಪಟ ಹರಿಯುತ್ತದೆ. ಕುಣಿಮಗ್ಗದಲ್ಲಿ ನೇಕಾರ ನೆಲದ ತೆಗ್ಗಿನಲ್ಲಿ ಕಾಲಿಳಿಬಿಟ್ಟು ಕೂರುತ್ತಾನೆ, ಹಾಸು ನೆಲಕ್ಕೆ ಸಮೀಪ ಇರುತ್ತದೆ, ಮಣ್ಣಿನ ತಂಪು ಎಳೆಗೆ ತಾಗುತ್ತಿರುತ್ತದೆ. ವಿದ್ಯುತ್ ಮಗ್ಗ ಬಂದ ಮೇಲೆ ಆ ತೆಗ್ಗು ಮುಚ್ಚಿಹೋಯಿತು.

ಮಳೆಗೆ ಎತ್ತರ ಒಂದೇ ಕಾರಣವಲ್ಲ ಎಂಬುದಕ್ಕೆ ಮುಧೋಳದವರು ತಮ್ಮ ಘಟಪ್ರಭೆಯನ್ನೇ ನೋಡಬಹುದು. ಅದರ ಉಪನದಿ ಹಿರಣ್ಯಕೇಶಿ ಹುಟ್ಟುವ ಆಂಬೋಲಿ ಸಮುದ್ರಮಟ್ಟದಿಂದ ಏಳುನೂರು ಮೀಟರಿನಷ್ಟು ಎತ್ತರದಲ್ಲಿದೆ, ಅಂದರೆ ಮಹಾಬಳೇಶ್ವರದ ಅರ್ಧ. ಆದರೂ ಅಲ್ಲಿ ಏಳು ಸಾವಿರ ಮಿಲಿಮೀಟರ್ ದಾಟುವ ವರ್ಷಗಳುಂಟು. ಗಾಳಿಗೆ ಬೆಟ್ಟ ಎದೆಯೊಡ್ಡಿ ನಿಂತಿರುವ ರೀತಿ, ಕಣಿವೆ ತೆರೆದುಕೊಂಡಿರುವ ದಿಕ್ಕು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆ ನೀರು ಘಟಪ್ರಭೆಗೆ ಸೇರಿ, ಗೋಕಾಕದಲ್ಲಿ 52 ಮೀಟರ್ ಧುಮುಕಿ, ಮುಧೋಳದ ಬದಿಗೆ ಹಾದು, ಬೀಳಗಿ ತಾಲೂಕಿನ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಈಗ ಅಲ್ಲಿ ಆಲಮಟ್ಟಿಯ ಹಿನ್ನೀರು ನಿಂತಿದೆ. ಬೀಳಗಿಯವರಿಗೆ ಆ ಹಿನ್ನೀರಿನ ಬೆಲೆ ನಾನು ಹೇಳಬೇಕಿಲ್ಲ. ಅದರಡಿ ಅವರ ಊರುಗಳೇ ಇವೆ.

ಇನ್ನು ನದಿಯ ಇಳಿಜಾರು. ಹುಟ್ಟಿದ 1,337 ಮೀಟರಿನಿಂದ ಸುಮಾರು 700 ಮೀಟರ್ ಎತ್ತರದ ವಾಯಿಗೆ ಇಳಿಯಲು ಕೃಷ್ಣೆಗೆ ಮೂವತ್ತು–ಮೂವತ್ತೈದು ಕಿಲೋಮೀಟರ್ ಸಾಕು. ಆಮೇಲೆ ಆಲಮಟ್ಟಿಯವರೆಗೆ ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಆಲಮಟ್ಟಿಯ ತುಂಬು ಮಟ್ಟ 519.6 ಮೀಟರ್. ಅಂದರೆ ಈ ಉದ್ದದ ದಾರಿಯಲ್ಲಿ ಇಳಿತ ಕಿಲೋಮೀಟರಿಗೆ ಅರ್ಧ ಮೀಟರೂ ಇಲ್ಲ. ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಹತ್ತಿರ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ, ಚಿಕ್ಕೋಡಿ ಕಡೆ ದೂಧಗಂಗಾ ಬಂದು ಸೇರುತ್ತವೆ. ಬೆಟ್ಟದಿಂದ ಓಡಿಬಂದ ಐದಾರು ನದಿಗಳ ನೀರು ಒಂದು ಚಪ್ಪಟೆ ಕಾಲುವೆಯಲ್ಲಿ ತುಂಬಿಕೊಂಡರೆ ಅಕ್ಕಪಕ್ಕಕ್ಕೆ ಹರಡದೆ ಬೇರೆ ದಾರಿಯಿಲ್ಲ. ಆಲಮಟ್ಟಿಯ ಎತ್ತರವನ್ನು 524.256 ಮೀಟರಿಗೆ ಏರಿಸಲು 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ ಒಪ್ಪಿತು. ಆ ಬಗ್ಗೆ ಮೇಲಿನವರೂ ಕೆಳಗಿನವರೂ ಇಷ್ಟು ತೀವ್ರವಾಗಿ ವಾದಿಸುವುದಕ್ಕೆ ಮೂಲದಲ್ಲಿ ಈ ಸಪಾಟುತನವೇ ಕಾರಣ. ನಾಲ್ಕೂವರೆ ಮೀಟರ್ ಎಂಬುದು ಬೆಟ್ಟದಲ್ಲಿ ಏನೂ ಅಲ್ಲ, ನಮ್ಮಲ್ಲಿ ಅದು ಊರುಗಟ್ಟಲೆ ನೆಲ.

ಈಗ ಕಲ್ಲಿನ ಮಾತು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಪಶ್ಚಿಮ ಭಾರತದ ನೆಲ ಬಿರಿದು ಲಾವಾ ಹರಿಯಿತು. ಅದು ಒಂದೇ ಸಲದ ಸ್ಫೋಟವಲ್ಲ. ಹರಿಯುವುದು, ಆರುವುದು, ಮತ್ತೆ ಹರಿಯುವುದು ಹೀಗೆ ಲಕ್ಷಾಂತರ ವರ್ಷ ನಡೆಯಿತು. ಬುಟ್ಟಿಯಲ್ಲಿ ರೊಟ್ಟಿಯ ಮೇಲೆ ರೊಟ್ಟಿ ಇಟ್ಟಂತೆ ಪದರದ ಮೇಲೆ ಪದರ ಕೂಡಿ ಇಂದು ದಖ್ಖನ್ ಟ್ರ್ಯಾಪ್ ಎಂದು ಕರೆಯುವ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ಬಸಾಲ್ಟ್ ನೆಲವಾಯಿತು. ಮಹಾಬಳೇಶ್ವರದ ಪಡುವಣ ಕಡಿದಿನಲ್ಲಿ, ಆರ್ಥರ್ ಸೀಟ್ ಎಂಬ ಜಾಗದಿಂದ ನೋಡಿದರೆ, ಎದುರಿನ ಬೆಟ್ಟದ ಗೋಡೆಯಲ್ಲಿ ಅಡ್ಡಡ್ಡ ಪಟ್ಟಿಗಳಾಗಿ ಈ ಪದರಗಳು ಸ್ಪಷ್ಟವಾಗಿ ಕಾಣುತ್ತವೆ. ಕೊಂಕಣದ ಬುಡದಿಂದ ನೆತ್ತಿಯವರೆಗೆ ಸಾವಿರ ಮೀಟರಿಗೂ ಹೆಚ್ಚು ದಪ್ಪ. ಭೂವಿಜ್ಞಾನಿಗಳು ಅಲ್ಲಿಯ ಪದರಗುಂಪುಗಳಿಗೆ ಪೋಲಾದಪುರ, ಅಂಬೇನಳಿ, ಮಹಾಬಳೇಶ್ವರ ಎಂದು ಅಲ್ಲಿಯ ಊರು–ಘಾಟುಗಳ ಹೆಸರನ್ನೇ ಇಟ್ಟಿದ್ದಾರೆ.

ಈ ಬಸಾಲ್ಟ್ ಆಗ್ನೇಯಕ್ಕೆ ಬಂದಂತೆ ತೆಳುವಾಗುತ್ತ ಹೋಗುತ್ತದೆ. ಹೀಗೆ ತೆಳುವಾಗಿ ಅದು ಮುಗಿಯುವುದು ನಮ್ಮ ಕೃಷ್ಣಾ–ಘಟಪ್ರಭಾ ನಾಡಿನಲ್ಲಿ. ಕೃಷ್ಣೆಯ ಉತ್ತರಕ್ಕೆ, ಸಾವಳಗಿ, ವಿಜಯಪುರದ ಕಡೆ ಬಾವಿ ತೋಡಿದರೆ ಕರಿಕಲ್ಲು. ದಕ್ಷಿಣಕ್ಕೆ ಲೋಕಾಪುರ, ಬೀಳಗಿ, ಕಲಾದಗಿಯ ಕಡೆ ಬಂದರೆ ಆ ಹೊದಿಕೆ ಹರಿದು, ಕೆಳಗಿದ್ದ ಬಹಳ ಹಳೆಯ ಕಲ್ಲು ಹೊರಗೆ ಬರುತ್ತದೆ. ಮಹಾಬಳೇಶ್ವರದ ಬೆಟ್ಟದ ಬುಡ ಎಲ್ಲಿದೆ ಎಂದು ಯಾರಾದರೂ ಕೇಳಿದರೆ, ಒಂದು ಅಂಚು ಇಲ್ಲಿದೆ ಎಂದು ನಾವು ಧೈರ್ಯವಾಗಿ ಹೇಳಬಹುದು.

ಆ ಹಳೆಯ ಕಲ್ಲಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅದು ನಮ್ಮ ಸ್ವಂತ ಗುಡ್ಡಗಳ ಕಲ್ಲು. ರಾಬರ್ಟ್ ಬ್ರೂಸ್ ಫೂಟ್ ಈ ಸೀಮೆಯನ್ನು ಸುತ್ತಿ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಬಗ್ಗೆ ದೊಡ್ಡ ವರದಿ ಪ್ರಕಟಿಸಿದ. ಆಗ ಜಿಲ್ಲಾಕೇಂದ್ರವಾಗಿದ್ದ ಕಲಾದಗಿಯ ಹೆಸರನ್ನೇ ಈ ಶಿಲಾಸಮೂಹಕ್ಕೆ ಕೊಟ್ಟ. ಬೆಣಚು ಮರಳುಗಲ್ಲು, ಜೇಡಿಪದರದ ಕಲ್ಲು, ಸುಣ್ಣಕಲ್ಲು, ಡಾಲೊಮೈಟ್ ಇವೆಲ್ಲ ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಒಂದು ತೆಳು ಸಮುದ್ರದ ತಳದಲ್ಲಿ ಕೂತವು, ಆಮೇಲೆ ಭೂಮಿಯ ಒತ್ತಡಕ್ಕೆ ಮಡಿಕೆ ಬಿದ್ದವು. ಮುಧೋಳದಿಂದ ಬೀಳಗಿಯತ್ತ ಹೋಗುವಾಗ ಕಾಣುವ, ಪಡುವಣ–ಮೂಡಣವಾಗಿ ಹಬ್ಬಿದ ಉದ್ದುದ್ದ ಗುಡ್ಡಸಾಲುಗಳು ಆ ಮಡಿಕೆಗಳ ಗಟ್ಟಿ ಅಂಚುಗಳು. ಮೆತ್ತನೆಯ ಕಲ್ಲು ಸವೆದು ಬಯಲಾಯಿತು, ಬೆಣಚುಕಲ್ಲು ಉಳಿದು ಗುಡ್ಡವಾಯಿತು. ಅಂಥ ಕಲ್ಲಿನ ಒಂದು ಹಾಸನ್ನು ಇಳಿಬಿಸಿಲಿನಲ್ಲಿ ಓರೆಯಾಗಿ ನೋಡಿ. ಹೊಳೆಯ ಮರಳಿನ ಮೇಲೆ ನೀರು ಬಿಟ್ಟುಹೋಗುವ ಸಣ್ಣ ತೆರೆಗಳ ಗುರುತು ಹಾಗೇ ಕಲ್ಲಾಗಿ ನಿಂತಿರುತ್ತದೆ. ಬೆರಳಿಟ್ಟು ಸವರಿದರೆ ಒಂದೊಂದು ಏರೂ ಕೈಗೆ ಸಿಗುತ್ತದೆ, ಅಂದಿನ ನೀರು ಯಾವ ಕಡೆಗೆ ಆಡುತ್ತಿತ್ತು ಎಂದೂ ಹೇಳಬಹುದು. ಲೋಕಾಪುರದ ಸುತ್ತಿನ ಡಾಲೊಮೈಟ್‌ನಲ್ಲಿ ಇದಕ್ಕಿಂತ ಅಪರೂಪದ್ದೊಂದಿದೆ: ಪದರಪದರವಾದ, ಅರ್ಧ ಕೊಯ್ದ ಉಳ್ಳಾಗಡ್ಡಿಯ ಮುಖವನ್ನು ಹೋಲುವ ಸುರುಳಿಗಳು. ಅವು ಸ್ಟ್ರೊಮ್ಯಾಟೊಲೈಟ್. ಪ್ರಾಣಿ, ಗಿಡ ಯಾವುದೂ ಇಲ್ಲದ ಕಾಲದಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ದಿಬ್ಬಗಳು.

ಇಲ್ಲಿಯ ಪದರಗಳ ಪಟ್ಟಿಯನ್ನು ತೆಗೆದರೆ ಯಡಹಳ್ಳಿ, ಮುದ್ದಾಪುರ, ಪೆಟ್ಲೂರ, ಲೋಕಾಪುರ, ಚಿತ್ರಭಾನುಕೋಟೆ ಎಂದು ನಮ್ಮ ಹಳ್ಳಿಗಳೇ ಸಾಲಾಗಿ ನಿಂತಿರುತ್ತವೆ. ಭೂವಿಜ್ಞಾನ ಓದುವವರಿಗೆ ಈ ಹೆಸರುಗಳು ಪರಿಚಿತ, ಆ ಹಳ್ಳಿಗಳ ಶಾಲೆಯಲ್ಲಿ ಮಾತ್ರ ಯಾರಿಗೂ ಗೊತ್ತಿಲ್ಲ. ಇದು ನನಗೆ ನೋವಿನ ಸಂಗತಿ. ಮುದ್ದಾಪುರದ ಸುಣ್ಣಕಲ್ಲು ಸಿಮೆಂಟ್ ಆಗಿ ಎಲ್ಲೆಲ್ಲೋ ಹೋಗುತ್ತದೆ. ಆ ಊರಿನ ಮಗುವಿಗೆ ತನ್ನೂರಿನ ಹೆಸರು ಒಂದು ಶಿಲಾಪದರಕ್ಕೂ ಇದೆ ಎಂಬುದು ತಿಳಿಯಬೇಡವೇ? ಯಡಹಳ್ಳಿಯ ಗುಡ್ಡಸಾಲಿಗೆ 2016ರಲ್ಲಿ ಚಿಂಕಾರ ವನ್ಯಜೀವಿಧಾಮದ ರಕ್ಷಣೆ ಸಿಕ್ಕಿತು, ಸುಮಾರು 96 ಚದರ ಕಿಲೋಮೀಟರ್. ಮುಳ್ಳುಕಂಟಿಯ ಆ ಒಣ ಗುಡ್ಡಗಳು ಪಾಳುನೆಲ ಎನ್ನಿಸಿಕೊಂಡಿದ್ದವು. ಚಿಂಕಾರ ಬದುಕಿರುವುದೇ ಆ ಒಣತನದಿಂದ. ಅಲ್ಲಿ ಕಾಡು ಬೆಳೆಸುತ್ತೇವೆಂದು ದಟ್ಟ ಮರ ನೆಡಲು ಹೋದರೆ ಅದಕ್ಕೆ ನೆಲೆಯಿರದು.

ಇಲ್ಲಿಯವರೆಗೆ ಹೇಳಿದ್ದು ಮುಂದಿನ ಮಾತಿಗಾಗಿ. ಮಹಾಬಳೇಶ್ವರದ ನೆತ್ತಿಯ ಮಣ್ಣು ಕೆಂಪು. ಬಸಾಲ್ಟ್ ಮೇಲೆ ಕೆಂಪು ಜಂಬಿಟ್ಟಿಗೆಯ ದಪ್ಪ ಟೊಪ್ಪಿಗೆ ಕೂತಿದೆ. ನಮ್ಮ ಹೊಳೆಸಾಲಿನ ಮಣ್ಣು ಕಪ್ಪು ಎರಿ. ಎರಡಕ್ಕೂ ತಾಯಿಕಲ್ಲು ಒಂದೇ, ಅದೇ ಬಸಾಲ್ಟ್. ವ್ಯತ್ಯಾಸ ಮಾಡಿದ್ದು ಮಳೆ. ನೆತ್ತಿಯ ಮೇಲೆ ಯುಗಯುಗ ಸುರಿದ ಮಳೆ ಕಲ್ಲಿನೊಳಗಿನ ಸುಣ್ಣ, ಸೋಡಿಯಂ, ಮೆಗ್ನೀಸಿಯಂಗಳನ್ನು ತೊಳೆದು ಒಯ್ದಿತು, ಸಿಲಿಕವನ್ನೂ ಬಹಳಷ್ಟು ಒಯ್ದಿತು. ಉಳಿದದ್ದು ಕಬ್ಬಿಣ, ಅಲ್ಯುಮಿನಿಯಂ. ತುಕ್ಕಿನ ಬಣ್ಣದ ಬಡಕಲು ಮಣ್ಣು. ಇಲ್ಲಿ, ಮಳೆನೆರಳಿನಲ್ಲಿ, ತೊಳೆಯುವಷ್ಟು ನೀರೇ ಇರಲಿಲ್ಲ. ಕಲ್ಲು ಕರಗಿ ಬಂದ ಸಾರವೆಲ್ಲ ನಿಂತಲ್ಲೇ ನಿಂತು, ನೀರು ಕಂಡರೆ ಉಬ್ಬುವ, ಬಿಸಿಲಿಗೆ ಕೈ ಹೋಗುವಷ್ಟು ಬಿರಿಯುವ ಜಿಗಟು ಮಣ್ಣಾಯಿತು. ಎರಿ ಹೊಲದ ಒಂದು ಹೆಂಟೆ ಒಡೆದರೆ ಒಳಗೆ ಬಿಳಿ ಸುಣ್ಣದ ಹರಳು ಸಿಗುತ್ತವಲ್ಲ, ಅವು ಮಳೆ ತೊಳೆಯದೆ ಬಿಟ್ಟ ಸುಣ್ಣ. ಒಂದು ಮಳೆಯ ಹಸಿಯನ್ನು ತಿಂಗಳುಗಟ್ಟಲೆ ಹಿಡಿದಿಟ್ಟು, ಮೇಲೆ ಒಂದು ಹನಿ ಬೀಳದಿದ್ದರೂ ಬಿಳಿಜೋಳ, ಕಡಲೆ, ಕುಸುಬೆಗಳನ್ನು ದಡ ಮುಟ್ಟಿಸುವ ಶಕ್ತಿ ಈ ಮಣ್ಣಿಗೆ ಬಂದದ್ದು ಬೆಟ್ಟ ಮಳೆಯನ್ನು ತಡೆದದ್ದರಿಂದ.

ಸುಣ್ಣದ ಜೊತೆಗೆ ಉಪ್ಪೂ ಉಳಿಯಿತು. ಅದು ನೆಲದ ಆಳದಲ್ಲಿ ತನ್ನಷ್ಟಕ್ಕೆ ಇತ್ತು. ಹೊಲಕ್ಕೆ ಬರುವ ನೀರು ಕಡಿಮೆ ಇದ್ದಷ್ಟು ಕಾಲ ತೊಂದರೆ ಇರಲಿಲ್ಲ.

ನಮ್ಮ ರೈತರು ನೀರಿಗಾಗಿ ಪಟ್ಟ ಪಾಡು ದೊಡ್ಡದು. ಸರ್ಕಾರಕ್ಕಾಗಿ ಕಾಯದೆ ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿ 1989ರಲ್ಲಿ ಮುಗಿಸಿದರು. ಮುಂದೆ ನಿಂತ ಸಿದ್ದು ನ್ಯಾಮಗೌಡರು ಬ್ಯಾರೇಜ್ ಸಿದ್ದು ಎಂದೇ ಹೆಸರಾದರು. ಆ ಜಲರಾಶಿಗೆ ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಅದಕ್ಕೆ ನನ್ನ ತಲೆ ಬಾಗುತ್ತದೆ. ಆಮೇಲೆ ಹಿಪ್ಪರಗಿ ಬಂತು, ಏತ ನೀರಾವರಿ ಬಂತು, ಪಂಪ್‌ಸೆಟ್ಟು, ಪೈಪ್‌ಲೈನು, ಸಕ್ಕರೆ ಕಾರ್ಖಾನೆ ಬಂದವು. ಕಬ್ಬಿಗೆ ವರ್ಷಕ್ಕೆ 1,500ರಿಂದ 2,500 ಮಿಲಿಮೀಟರ್ ನೀರು ಬೇಕು. ನಮ್ಮ ಮಳೆ ಅದರ ಕಾಲು ಭಾಗದಿಂದ ಮೂರನೆಯ ಒಂದು ಭಾಗ. ಉಳಿದದ್ದನ್ನು ಹೊಳೆಯಿಂದ ಎತ್ತಿ ಹಾಯಿಸುತ್ತೇವೆ. ಅಂದರೆ ಕಬ್ಬಿನ ಹೊಲದ ಮಟ್ಟಿಗೆ ಪಂಚಗಣಿಯ ಮಳೆಯನ್ನೇ ತಂದು ಸುರಿದಿದ್ದೇವೆ. ಪಂಚಗಣಿಯ ಇಳಿಜಾರನ್ನು ತರಲು ಆಗಲಿಲ್ಲ. ಅಲ್ಲಿ ಬಿದ್ದ ನೀರು ಬಸಿದು ಓಡುತ್ತದೆ. ಇಲ್ಲಿ, ಕಿಲೋಮೀಟರಿಗೆ ಅರ್ಧ ಮೀಟರೂ ಇಳಿಯದ ಹೊಳೆಯ ಪಕ್ಕದ ಜಿಗಟು ಎರಿಯಲ್ಲಿ, ನಿಲ್ಲುತ್ತದೆ. ಅಂತರ್ಜಲ ಮೇಲೇರುತ್ತದೆ, ಆಳದ ಉಪ್ಪನ್ನು ಕರಗಿಸಿಕೊಂಡು ಏರುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ಸವಳು-ಜವಳು ಎಂದು ನಾವು ಕರೆಯುವುದು ಇದನ್ನೇ. ಬೇಸಿಗೆಯಲ್ಲಿ ಬೆಳ್ಳಗೆ ಬೂದಿ ಚೆಲ್ಲಿದ ಹಾಗೆ ಕಾಣುವ, ಕಬ್ಬಿನ ಕುಳೆ ಹಳದಿಗೆ ತಿರುಗಿ ಮೊಳಕಾಲೆತ್ತರಕ್ಕೆ ನಿಂತುಬಿಡುವ ಹೊಲಗಳು ನಮ್ಮ ಹೊಳೆಸಾಲಿನಲ್ಲಿ ಎಷ್ಟು ಎಂಬುದನ್ನು ಇಲ್ಲಿ ಕುಳಿತ ನೀವು ನನಗಿಂತ ಚೆನ್ನಾಗಿ ಬಲ್ಲಿರಿ.

ಗೊಬ್ಬರ ಹೆಚ್ಚಿಸುವುದರಿಂದ ಇದು ವಾಸಿಯಾಗದು. ನೆಲಕ್ಕೆ ಇಲ್ಲದ ಇಳಿಜಾರನ್ನು ನಾವು ಮಾಡಿಕೊಡಬೇಕು. ತೆರೆದ ಬಸಿಗಾಲುವೆಯಾಗಲಿ, ಆಳದಲ್ಲಿ ಹೂಳುವ ತೂತಿನ ಪೈಪಾಗಲಿ, ಒಬ್ಬನ ಹೊಲದಲ್ಲಿ ಹಾಕಿದರೆ ಪ್ರಯೋಜನ ಕಡಿಮೆ. ಹತ್ತಾರು ರೈತರ ಹೊಲ ಕೂಡಿಸಿ ಹಳ್ಳದವರೆಗೆ ಒಯ್ಯಬೇಕು. ಸೋಡಿಯಂ ಹೆಚ್ಚಾದ ಕಡೆ ಜಿಪ್ಸಮ್ ಹಾಕುವುದು, ಅದೂ ಬಸಿಯುವ ದಾರಿ ಆದ ಮೇಲೆ. ನೀರು ಹಾಯಿಸುವುದನ್ನು ಹನಿ ನೀರಾವರಿಗೆ ಇಳಿಸುವುದು. ಬಸಿಗಾಲುವೆಯ ಬಾಯಿ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ಮೇ ತಿಂಗಳ ಹೊಳೆ ನೋಡಿ ಗೊತ್ತುಮಾಡಬಾರದು. ಆಗಸ್ಟ್‌ನಲ್ಲಿ, ಮಹಾಬಳೇಶ್ವರದ ಮಳೆ ಇಲ್ಲಿಗೆ ಬಂದಾಗ, ಹೊಳೆಯ ಮಟ್ಟ ಬಾಯಿಗಿಂತ ಮೇಲೆ ಹೋದರೆ ನೀರು ಹಿಂದಕ್ಕೇ ಹೊಲಕ್ಕೆ ಬರುತ್ತದೆ. ಅಲ್ಲಿ ಬಾಗಿಲು ಇಡಬೇಕು, ಇಲ್ಲವೇ ಇನ್ನೂ ಕೆಳಗಿನ ಹಳ್ಳ ಹುಡುಕಬೇಕು.

ಈ ನಾಲ್ಕು ತಾಲೂಕುಗಳ ಭೂನಕ್ಷೆಗಳನ್ನು ತಂದು ಹಿಂದಿನ ಮೇಜಿನ ಮೇಲೆ ಹರಡಿದ್ದೇನೆ. ಎತ್ತರದ ಗೆರೆಗಳು ಅವುಗಳಲ್ಲಿವೆ. ತಮ್ಮ ಹೊಲದಲ್ಲಿ ಸವಳು ಎದ್ದವರು ದಯವಿಟ್ಟು ಊರು, ಹಳ್ಳದ ಹೆಸರು ಹೇಳಿ. ನೀರು ಯಾವ ಕಡೆಗೆ ಬಸಿದು ಹೋಗಬಹುದು ಎಂದು ಕೂಡಿ ನೋಡೋಣ.